ನಾನು ತಂದು ಹಾಕಿದ ಕುರ್ಚಿ

ನೆಂಟರ ಮನೆಯ ನಾಮಕರಣದಲ್ಲಿ ಮಗುವನ್ನು ಮಡಿಲಿಗೆ ಹಾಕಿಸಿಕೊಳ್ಳಲು ಚಾಪೆಯ ಮೇಲೆ ಕೂತ ನಮ್ಮವ್ವನಿಗೆ ಮತ್ತೆ ಏಳಲು ಆಗಲಿಲ್ಲ. ಗೋಡೆ ಹಿಡಿದಳು, ಮಂಡಿ ಊರಿದಳು. ಕೊನೆಗೆ ನಾನೂ ನನ್ನ ಭಾವನೂ ಎರಡು ರಟ್ಟೆ ಹಿಡಿದು ಎತ್ತಿದೆವು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಊಟಕ್ಕೂ ನಿಲ್ಲಲಿಲ್ಲ.

ಮರುದಿನವೇ ಕುಂದಲಹಳ್ಳಿಯ ನಮ್ಮ ಮನೆ ಹತ್ತಿರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದೊಯ್ದೆ. ಅಲ್ಲಿದ್ದ ಡಾಕ್ಟರಮ್ಮ, ಕೀಲುಗಳಿಗೇನೂ ಆಗಿಲ್ಲ, ತೊಡೆಯಲ್ಲಿ ಬಲ ಉಳಿದಿಲ್ಲ ಅಷ್ಟೇ ಎಂದರು. ಮೊದಲು ಕೈ ಊರದೆ ಕುರ್ಚಿಯಿಂದ ಎದ್ದು ಕೂರಬೇಕು, ಅದು ರೂಢಿಯಾದ ಮೇಲೆ ಹೀಗೆ ಎಂದು ಕುಕ್ಕರಗಾಲಿನಲ್ಲಿ ಕೂತು, ಎದ್ದು ತೋರಿಸಿದರು.

ಅವ್ವ ನನ್ನ ಕಡೆ ತಿರುಗಿದಳು. "ಎಮ್ಮೆ ಕರೆಯೋವಾಗ ಎಲ್ಡೊತ್ತೂ ನಾನು ಕೂರ್ತಿದ್ದಿದ್ದು ಇಂಗೇ ಅಲ್ವೇನ್ಲಾ? ನೀನೇ ಬ್ಯಾಡ ಅಂದಿದ್ದು."

ನಿಜ. ಬಾಡಿಗೆ ಮನೆಗಳನ್ನು ಕಟ್ಟಿಸುವಾಗ ಕೊಟ್ಟಿಗೆ ಕೆಡವಿ, ಅವ್ವ ಅತ್ತರೂ ಕೇಳದೆ ಎರಡು ಎಮ್ಮೆಗಳನ್ನೂ ಮಾರಿದ್ದೆ. ಆಮೇಲೆ ಅವಳು ರಂಗೋಲಿಗೆ ಬಗ್ಗಿದರೂ, ಸೊಪ್ಪು ಬಿಡಿಸಲು ನೆಲಕ್ಕೆ ಕೂತರೂ "ಸಾಕು ಬಿಡವ್ವ" ಎಂದು ಎಬ್ಬಿಸುತ್ತಿದ್ದೆ. ಟಿ.ವಿ. ಮುಂದೆ ಮೆತ್ತನೆಯ ಕುರ್ಚಿ ಹಾಕಿ, ಅವ್ವನನ್ನು ರಾಣಿಯ ಹಾಗೆ ಕೂರಿಸಿದ್ದೇನೆಂದು ಬಾಡಿಗೆಯವರ ಮುಂದೆಲ್ಲ ಬೀಗುತ್ತಿದ್ದೆ.

ಈಗ ದಿನಾ ಬೆಳಿಗ್ಗೆ ಅವ್ವ ಅದೇ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತಾಳೆ, ನಾನು ಎಣಿಸುತ್ತೇನೆ. ಏಳನೆಯದಕ್ಕೆ ಅವಳ ತೊಡೆ ನಡುಗತೊಡಗುತ್ತದೆ. "ಸಾಕು ಬಿಡವ್ವ" ಎಂಬುದು ನಾಲಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಅವಳ ಕಾಲಿನ ಬಲ ಕಿತ್ತುಕೊಂಡದ್ದು ಅದೇ ಮಾತು.