ಮಹಡಿಯ ಮೇಲಿನ ಬೆಂಕಿ

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಂಜೆ ನಡೆದು ಹೋಗುವಾಗ ಒಂದು ಹೋಟೆಲಿನ ಮುಂದೆ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಗಾಜಿನ ಆಚೆ, ಇಟ್ಟಿಗೆಯ ಗೂಡಿನಂಥ ಒಲೆಯಲ್ಲಿ ಹುಡುಗರು ಪಿಜ್ಜಾ ಸುಡುತ್ತಿರುತ್ತಾರೆ. ಅದಕ್ಕೆ ಉರಿಸುವುದು ಮಾವಿನ ಕಟ್ಟಿಗೆ. ಬಾಗಿಲು ತೆರೆದಾಗಲೆಲ್ಲ ಆ ಹೊಗೆ, ಅದರ ಬೆನ್ನಿಗೇ ಕರಗಿದ ಬೆಣ್ಣೆಯ ವಾಸನೆ, ಫುಟ್‌ಪಾತಿನವರೆಗೂ ಬರುತ್ತದೆ. ಒಳಗೆ ಕೂತವರಿಗೆ ಅದು ಹಸಿವಿನ ವಾಸನೆ. ನನಗೆ ಬೆಳಗಿನ ವಾಸನೆ. ಹಲಸೂರಿನ ಒಂದು ತಾರಸಿಯ, ಒದ್ದೆ ಕೂದಲಿನ, ಸ್ಕೂಲಿಗೆ ಹೊರಡುವ ಮುಂಚಿನ ವಾಸನೆ. ಆ ತಾರಸಿಯೂ ಇಲ್ಲ, ಅದನ್ನು ಹೊತ್ತಿದ್ದ ಮನೆಯೂ ಇಲ್ಲ. ನಿಮ್ಮ ಪಾಲಿಗೂ ಇಂಥದ್ದೊಂದು ಮನೆ ಇದ್ದೀತು. ಅದರ ನಂಬರು ಮರೆತಿರಬಹುದು, ಮೆಟ್ಟಿಲು ಹತ್ತುವಾಗ ಯಾವ ಕಲ್ಲು ಅಲುಗುತ್ತಿತ್ತು ಎಂಬುದು ಮರೆತಿರುವುದಿಲ್ಲ.

ಅರವತ್ತರ ದಶಕದ ಕೊನೆಯ ಮಾತು. ಹಲಸೂರು ಕೆರೆಗೆ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಅಪ್ಪ ಕಾರ್ಖಾನೆಯ ಕೆಲಸಕ್ಕೆ ಬೆಳಗ್ಗೆ ಕತ್ತಲಿರುವಾಗಲೇ ಕಂಪನಿ ಬಸ್ಸು ಹಿಡಿಯುತ್ತಿದ್ದ. ಅಪ್ಪನ ತಾಯಿ, ನನ್ನ ಅಜ್ಜಿ, ದೊಡ್ಡನೆಕ್ಕುಂದಿಯ ಹೊಲಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದಳು. ಸೀಮೆಎಣ್ಣೆ ಸ್ಟೌವಿನ ಮೇಲೆ ಬೇಯಿಸಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹಿತ್ತಲಲ್ಲಿ ಮಣ್ಣಿನ ಒಲೆ ಹೂಡಿಕೊಂಡಿದ್ದಳು. ಮಹಡಿಯ ಮೇಲೆ ಒಂದು ಕೋಣೆ, ಅದರ ಮುಂದೆ ತಾರಸಿ. ಆ ಕೋಣೆಯಲ್ಲಿ ಬಾಡಿಗೆಗೆ ಇದ್ದವರು ಒಬ್ಬ ಪಂಜಾಬಿ ಮುದುಕಿ. ಗಂಡ ಸೈನ್ಯದಲ್ಲಿದ್ದು, ದಂಡು ಎನ್ನುವ ಇಲ್ಲಿನ ಕಂಟೋನ್ಮೆಂಟಿಗೆ ವರ್ಗವಾಗಿ ಬಂದವರು, ಇಲ್ಲಿಯೇ ತೀರಿಕೊಂಡರು. ಮಗನೂ ಸೈನ್ಯದಲ್ಲಿ, ಎಲ್ಲೋ ದೂರದ ಗಡಿಯಲ್ಲಿ. ಅವರನ್ನು ಓಣಿಯೆಲ್ಲ ಬೀಜಿ ಎನ್ನುತ್ತಿತ್ತು. ಬಿಳಿ ಸಲ್ವಾರು, ಬಿಳಿ ದುಪಟ್ಟಾ, ಕಾಲಲ್ಲಿ ಗಂಡಸರ ಚಪ್ಪಲಿ. ತರಕಾರಿಯವಳ ಹತ್ತಿರ ತಮಿಳು, ಹಾಲಿನವನ ಹತ್ತಿರ ಕನ್ನಡ, ಎರಡೂ ಅರ್ಧರ್ಧ. ಆದರೂ ಚೌಕಾಸಿಯಲ್ಲಿ ಸೋತದ್ದನ್ನು ನಾನು ಕಾಣೆ.

ಬೀಜಿ ದಿನಾ ಬೆಳಗ್ಗೆ ಸ್ನಾನ ಮಾಡಿ ತಾರಸಿಯಲ್ಲಿ ಹೋಮ ಮಾಡುತ್ತಿದ್ದರು. ಪುರೋಹಿತರಿಲ್ಲ, ಮಡಿಯ ಗಡಿಬಿಡಿಯಿಲ್ಲ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ತಾಮ್ರದ ಹೋಮಕುಂಡ, ಒಂದು ಬಟ್ಟಲು ತುಪ್ಪ, ಉದ್ದ ಹಿಡಿಯ ಚಮಚ, ಒಂದಿಷ್ಟು ಮಾವಿನ ಚಕ್ಕೆ. ಗಂಡ ಹೆಂಡತಿ ಮಕ್ಕಳು ಎಲ್ಲರೂ ಸುತ್ತ ಕೂತು ಮಾಡುವುದು ಅವರ ಊರ ಕಡೆಯ ವಾಡಿಕೆಯಂತೆ. ಈಗ ಸುತ್ತ ಯಾರೂ ಇರಲಿಲ್ಲ. ಕೆಳಗಿನಿಂದ ನಮಗೆ ಕೇಳುತ್ತಿದ್ದುದು ನಡುನಡುವೆ ಏಳುವ ಒಂದು 'ಸ್ವಾಹಾ' ಮಾತ್ರ. 'ಮುದ್ದೆಗೆ ಬಿಟ್ಕೊಳ್ಳೋ ತುಪ್ಪಾನ ಬೆಂಕಿಗೆ ಸುರೀತಾಳಲ್ಲ ಮಹಾರಾಯ್ತಿ' ಎಂದು ಅಜ್ಜಿ ಒಲೆಯ ಮುಂದೆ ಗೊಣಗುತ್ತಿದ್ದಳು.

ಆ ವರ್ಷ ನನಗೊಬ್ಬ ತಮ್ಮ ಹುಟ್ಟಿದ. ಹೆಸರಿಡುವ ಮುಂಚೆಯೇ ಹೋಗಿಬಿಟ್ಟ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಅಮ್ಮ ನಡುಮನೆಯ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದಳು. ಅಳಲಿಲ್ಲ. ಕೊಟ್ಟರೆ ಉಂಡಳು, ಕೊಡದಿದ್ದರೆ ಕೇಳಲಿಲ್ಲ. ನನ್ನ ಜಡೆ ಅಜ್ಜಿಯೇ ಹಾಕುತ್ತಿದ್ದಳು. ಅವಳು ಎಳೆದು ಹಾಕಿದರೆ ಕಣ್ಣಂಚು ಸಂಜೆಯವರೆಗೂ ಬಿಗಿದಿರುತ್ತಿತ್ತು. ಅಪ್ಪ ಕೆಲಸದಿಂದ ಬಂದವನೇ ಆ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಕೈಕಾಲು ತೊಳೆಯಲು ಹೋಗುತ್ತಿದ್ದ. ಐದನೇ ಕ್ಲಾಸಿನ ನನಗೆ ಒಂದು ಭಯ ಹೊಕ್ಕಿತ್ತು: ಹೋದದ್ದು ತಮ್ಮನೊಬ್ಬನೇ ಅಲ್ಲ, ಅಮ್ಮನೂ ಅವನ ಹಿಂದೆ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದಾಳೆ ಎಂದು.

ಒಂದು ಬೆಳಗ್ಗೆ ಬೀಜಿ ಮಹಡಿ ಇಳಿದು ಬಂದರು. ಯಾರನ್ನೂ ಕೇಳದೆ ಸೀದಾ ಅಮ್ಮನ ಕೋಣೆಯ ಬಾಗಿಲಿಗೆ ಹೋಗಿ ನಿಂತರು. 'ಲಕ್ಷ್ಮೀ ಬೇಟಿ, ನನ್ ಕೈ ನಡುಗ್ತದೆ. ಚಮಚ ಹಿಡಿಯೋಕ್ ಆಗಲ್ಲ. ನೀನು ಬಂದು ತುಪ್ಪ ಹಾಕು' ಎಂದರು. ಅಮ್ಮ ತಿರುಗಲಿಲ್ಲ. ಬೀಜಿ ಹೋಗಲೂ ಇಲ್ಲ. ಕೊನೆಗೆ, ಮುದುಕಿ ನಿಂತೇ ಇದ್ದಾಳಲ್ಲ ಎಂಬ ಸಂಕೋಚಕ್ಕೋ ಏನೋ, ಅಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಹಿಂದಿನ ಸಂಜೆಯಷ್ಟೇ ಬೀಜಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದ್ದನ್ನು ನಾನು ನೋಡಿದ್ದೆ. ಹೇಳಲು ಬಾಯಿ ತೆರೆದೆ. ಅಜ್ಜಿ ಹಿಂದಿನಿಂದ ನನ್ನ ರಟ್ಟೆ ಚಿವುಟಿದಳು.

ಹೀಗೆ ಅಮ್ಮನೂ ಅವಳ ಹಿಂದೆ ನಾನೂ ಮಹಡಿ ಹತ್ತಿದೆವು. ಬೀಜಿ ಕಲಿಸುವ ರೀತಿಯಲ್ಲಿ ಉಪದೇಶ ಕಡಿಮೆ, ಕೈ ಹಿಡಿದು ತಿದ್ದುವುದು ಜಾಸ್ತಿ. ಚಕ್ಕೆಗಳನ್ನು ಒತ್ತಾಗಿ ಜೋಡಿಸಿದರೆ ಎತ್ತಿ ಬಿಡಿಸಿಡುತ್ತಿದ್ದರು. 'ಮೊದಲು ಜಾಗ ಕೊಡು, ಆಮೇಲೆ ಬೆಂಕಿ ಕೊಡು. ಅದಕ್ಕೂ ಉಸಿರು ಬೇಕು.' ಚಮಚದಲ್ಲಿ ಕರ್ಪೂರ ಹಚ್ಚಿ ಚಕ್ಕೆಗಳ ಹೊಟ್ಟೆಗೆ ಇಳಿಸಬೇಕು. ಬಾಯಿಂದ ಊದಬಾರದು, ಎಂಜಲಾಗುತ್ತದೆ, ಬೀಸಣಿಗೆ ಹಿಡಿಯಬೇಕು. ತುಪ್ಪ ಎಷ್ಟು ಬಿಡಬೇಕೆಂದು ಬೆಂಕಿಯೇ ಹೇಳುತ್ತದೆ. ಆತುರಪಟ್ಟು ಸುರಿದರೆ ಉರಿ ಕಪ್ಪಾಗಿ ಮುನಿಸಿಕೊಳ್ಳುತ್ತದೆ. ಗಿಡಮೂಲಿಕೆಯ ಪುಡಿಯನ್ನು ಹೆಬ್ಬೆರಳು, ನಡುಬೆರಳು, ಉಂಗುರಬೆರಳು ಸೇರಿಸಿ ಹಾಕಬೇಕು. ನಾನು ತೋರುಬೆರಳನ್ನೂ ಸೇರಿಸಿದಾಗ ಅವರು ಅದನ್ನು ಮೆಲ್ಲಗೆ ಮಡಿಸಿದರು. 'ಇದು ಬೇರೆಯೋರ ತಪ್ಪು ತೋರ್ಸೋ ಬೆರಳು, ಸರೋಜ್. ಇಲ್ಲಿ ಅದಕ್ಕೆ ಕೆಲ್ಸ ಇಲ್ಲ.' ಕೆಲವೇ ವಾರಗಳಲ್ಲಿ ಒಂದೇ ಕರ್ಪೂರದ ಬಿಲ್ಲೆಯಲ್ಲಿ ಉರಿ ಎಬ್ಬಿಸುವಷ್ಟು ನನ್ನ ಕೈ ಪಳಗಿತು. ಮಂತ್ರಗಳು ಬೀಜಿಯ ಉಚ್ಚಾರದಲ್ಲೇ ಬಾಯಿಗೆ ಬಂದವು. ಇಂದಿಗೂ ನನ್ನ ಸಂಸ್ಕೃತಕ್ಕೆ ಪಂಜಾಬಿನ ಗಾಳಿ ತಾಗಿದೆ ಎಂದು ತಿಳಿದವರು ನಗುತ್ತಾರೆ.

ಅಮ್ಮನಿಗೂ ಎಲ್ಲ ಬಂತು, ಒಂದು ಮಾತಿನ ಹೊರತು. ಒಂದೊಂದು ಆಹುತಿ ಹಾಕಿದ ಮೇಲೂ 'ಇದಂ ನ ಮಮ' ಎನ್ನಬೇಕು. ಮೊದಲ ದಿನ ಅಮ್ಮ ಅದರ ಅರ್ಥ ಕೇಳಿದಳು. 'ಇದು ನಂದಲ್ಲ ಅಂತ. ಕೊಟ್ಟಾಯ್ತು, ಇನ್ನು ನಂದಲ್ಲ' ಎಂದರು ಬೀಜಿ. ಅಮ್ಮನ ಕೈಯಲ್ಲಿದ್ದ ಚಮಚ ಹಾಗೆಯೇ ನಿಂತಿತು. ತುಪ್ಪ ಹನಿಹನಿಯಾಗಿ ಕುಂಡದ ಅಂಚಿಗೆ ಬಿತ್ತು. 'ಅದೊಂದು ನನ್ ಕೈಲಿ ಹೇಳಕ್ಕಾಗಲ್ಲ' ಎಂದಳು. ಬೀಜಿ ಒತ್ತಾಯ ಮಾಡಲಿಲ್ಲ. 'ಆಗದಿದ್ರೆ ಬೇಡ. ನೀನು ತುಪ್ಪ ಹಾಕು. ಮಾತು ಸರೋಜ್ ಹೇಳ್ತಾಳೆ.' ಅಂದಿನಿಂದ ಅಮ್ಮ 'ಸ್ವಾಹಾ' ಎಂದು ತುಪ್ಪ ಬಿಡುವುದು, ಅವಳ ಬದಲಿಗೆ ನಾನು 'ಇದಂ ನ ಮಮ' ಎನ್ನುವುದು ರೂಢಿಯಾಯಿತು. ದೊಡ್ಡವರ ಭಾರವೊಂದನ್ನು ಹೊತ್ತ ಹೆಮ್ಮೆಯಲ್ಲಿ ನಾನು ಆ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದೆ.

ಅವರೆಕಾಯಿಯ ಕಾಲದಲ್ಲಿ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ದೊಡ್ಡನೆಕ್ಕುಂದಿಯಿಂದ ಒಂದು ಚೀಲ ಕಾಯಿ ಹೊತ್ತು ಬಂದರು. ಬಂದಾಗ ನಾವು ಮಹಡಿಯ ಮೇಲಿದ್ದೆವು. ಇಳಿದು ಬಂದ ಅಮ್ಮನ ಮುಂದೆಯೇ ಅವರು ಶುರುಮಾಡಿದರು. 'ಹೆಂಗಸ್ರು ಹೋಮ ಮಾಡೋದು ಎಲ್ಲಾದ್ರೂ ಉಂಟಾ? ಮನೇಲಿ ಮಗು ಹೋಗೈತೆ. ಯಾರೋ ಗೊತ್ತುಗುರಿ ಇಲ್ದೋರ ಜೊತೆ ಸೇರ್ಕೊಂಡು ಬೆಂಕಿ ಜೊತೆ ಆಟ ಆಡ್ತಿದೀರಾ? ನಿಲ್ಸಿ ಇದನ್ನ.' ಅಮ್ಮ ತಲೆ ತಗ್ಗಿಸಿದಳು. ಅವಳು ಮತ್ತೆ ಆ ಕೋಣೆಗೆ ಹೋಗಿ ಗೋಡೆಗೆ ಮುಖಮಾಡುತ್ತಾಳೆ ಎಂದು ನಾನು ಅವಳ ಸೆರಗು ಹಿಡಿದುಕೊಂಡೆ. ಅಪ್ಪ ರಜೆಯಲ್ಲಿ ಮನೆಯಲ್ಲೇ ಇದ್ದ, ಆದರೆ ಅಣ್ಣನೆದುರು ಮಾತಾಡಿ ಅಭ್ಯಾಸವಿರಲಿಲ್ಲ. ಮಾತಾಡಿದ್ದು ಅಜ್ಜಿ. ಒಲೆಯ ಮುಂದಿನಿಂದ ಏಳದೆಯೇ, ಊದುಕೊಳವೆ ನೆಲಕ್ಕಿಟ್ಟು ಮಗನ ಕಡೆ ತಿರುಗಿದಳು. 'ನಾನು ಮದ್ವೆಯಾಗಿ ಬಂದಾಗಿಂದ ಬೆಂಕಿ ಮುಂದೇನೇ ಕೂತಿವ್ನಿ ಕಣೋ. ಉಂಡು ಕೈ ತೊಳ್ಕೊಂಡು ಹೋದೆ, ಒಂದಿನ ಬಂದು ನಿಲ್ಸವ್ವ ಅಂದ್ಯಾ? ಈಗ ಇವಳು ಎರಡು ಚಮಚ ತುಪ್ಪ ಬಿಟ್ರೆ ನಿಂಗೇನಾಯ್ತು? ಮಲಗಿದ್ದೋಳು ಎದ್ದು ಕೂತವ್ಳೆ. ಬಾಯ್ ಮುಚ್ಕೊಂಡು ಸಾರು ಉಣ್ಣು.' ದೊಡ್ಡಪ್ಪ ಉಂಡು ಹೋದರು. ಮಾರನೆಯ ಬೆಳಗ್ಗೆ ಅಜ್ಜಿ ಮೊದಲ ಸಲ ಮಹಡಿ ಹತ್ತಿ ಬಂದಳು. ತಾರಸಿಯ ಮೂಲೆಯಲ್ಲಿ ಕಾಲು ಚಾಚಿ ಕೂತು, 'ನಂಗೇನು ಇದೆಲ್ಲ ಬರಾಕಿಲ್ಲ, ಬಿಸಿಲು ಕಾಯ್ಸಾಕೆ ಬಂದೆ' ಎಂದಳು. ಆಮೇಲೆ ಬಿಸಿಲಿಲ್ಲದ ದಿನವೂ ಬಂದಳು.

ಮುಂದಿನ ಮಳೆಗಾಲದಲ್ಲಿ ಬೀಜಿಗೆ ಜ್ವರ ಹಿಡಿಯಿತು. ವಾರವಿಡೀ ಜಿಟಿಜಿಟಿ ಮಳೆ, ಗೋಡೆಗಳೆಲ್ಲ ಬೆವರಿದ್ದವು. ಬೀಜಿ ಕೋಣೆಯೊಳಗೆ ಮಂಚದ ಮೇಲಿಂದಲೇ ನನ್ನನ್ನು ಕರೆದು, 'ಇವತ್ತು ನೀನು ಮಾಡ್ಸು. ಹೊಸಿಲ ಹತ್ರ ಇಡು ಕುಂಡ, ನಾನು ನೋಡ್ತೀನಿ' ಎಂದರು. ನನಗೆ ಹೆದರಿಕೆಯಾಗಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಕೈ ಮಾಡುತ್ತದೆ ಎಂಬ ಧೈರ್ಯ ನನಗೆ ಆ ವಯಸ್ಸಿಗೇ ಬಂದಿತ್ತು, ಅದನ್ನು ಕೊಟ್ಟವರು ಬೀಜಿಯೇ. ಆದರೆ ಚಕ್ಕೆಗಳು ಥಂಡಿ ಹಿಡಿದಿದ್ದವು. ಅಜ್ಜಿ ತನ್ನ ಒಲೆಯ ಪಕ್ಕ ಒಣಗಲಿಟ್ಟಿದ್ದ ಮಾವಿನ ಸೌದೆಯ ಸೀಳುಗಳನ್ನು ಸೆರಗಿನಲ್ಲಿ ತುಂಬಿ ತಂದು ಸುರಿದಳು. ಉರಿ ಎದ್ದಿತು, ಜೊತೆಗೆ ಹೊಗೆಯೂ. ಅಮ್ಮ 'ಸ್ವಾಹಾ' ಎಂದು ತುಪ್ಪ ಬಿಟ್ಟಳು. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆಯೆಲ್ಲ ನನ್ನ ಮುಖಕ್ಕೆ ಬಂತು. ನಾನು ಕೆಮ್ಮಿದೆ, ಕೆಮ್ಮುತ್ತಲೇ ಇದ್ದೆ, ನನ್ನ ಪಾಲಿನ ಮಾತು ಗಂಟಲಲ್ಲೇ ಉಳಿಯಿತು. ಆಗ ಅಮ್ಮನ ದನಿ ಕೇಳಿತು, ಒಣಗಿದ ದನಿ, ಆದರೆ ಒಂದಕ್ಷರವೂ ತಪ್ಪದೆ: 'ಇದಂ ನ ಮಮ.'

ಹೇಳಿದವಳೇ ಅಮ್ಮ ಅತ್ತಳು. ಅಷ್ಟು ದಿನದ್ದನ್ನೆಲ್ಲ ಒಟ್ಟಿಗೆ ಅತ್ತಳು. ನಾನು ದಿಕ್ಕು ತೋಚದೆ ಬೀಜಿಯ ಕಡೆ ನೋಡಿದೆ. ಅವರು ದಿಂಬಿನಿಂದ ತಲೆ ಎತ್ತಿ, 'ಅಳಲಿ. ನೀನು ನಿಲ್ಲಿಸ್ಬೇಡ, ಬೆಂಕಿನ ಮಧ್ಯದಲ್ಲಿ ಬಿಡ್ಬಾರ್ದು' ಎಂದರು. ನಾನು ಮುಂದಿನ ಮಂತ್ರ ಹೇಳಿದೆ. ಅಮ್ಮ ಅಳುತ್ತಲೇ ತುಪ್ಪ ಬಿಟ್ಟಳು, ಅಳುತ್ತಲೇ ಆ ಮಾತು ಹೇಳಿದಳು, ಮತ್ತೆ ಹೇಳಿದಳು. ಮೂಲೆಯಲ್ಲಿ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು 'ಹಾಳಾದ್ ಹೊಗೆ' ಎಂದಳು. ಹೊಗೆ ಆಗಲೇ ಕರಗಿಹೋಗಿತ್ತು. ಅಂದು ಕೆಳಗಿಳಿದ ಮೇಲೆ ಅಮ್ಮ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕಿದಳು. ನೋವಾಗದ ಹಾಗೆ, ಸಡಿಲವಾಗಿ. ಸಂಜೆ ಕೆಲಸದಿಂದ ಬಂದ ಅಪ್ಪ ಅಡುಗೆಮನೆಯಲ್ಲಿ ಅವಳ ಬಳೆಯ ಸದ್ದು ಕೇಳಿ, ಕೈಕಾಲು ತೊಳೆಯುವುದನ್ನೂ ಮರೆತು ಬಾಗಿಲಲ್ಲೇ ಕೂತುಬಿಟ್ಟ.

ಎಪ್ಪತ್ತರ ದಶಕದಲ್ಲಿ ಬೀಜಿಯ ಮಗನಿಗೆ ಉತ್ತರದ ಕಡೆ ಮನೆ ಸಿಕ್ಕಿ, ತಾಯಿಯನ್ನು ಕರೆಸಿಕೊಳ್ಳುವುದೆಂದಾಯಿತು. ಅವರ ಕುಂಡ ಅವರ ಜೊತೆಗೇ ಹೋಗಬೇಕಷ್ಟೆ. ನಮಗೊಂದು ಹೊಸದು ಮಾಡಿಸಲು ಬೀಜಿಯೇ ಅಮ್ಮನನ್ನೂ ನನ್ನನ್ನೂ ಶಿವಾಜಿನಗರದ ತಾಮ್ರದ ಕೆಲಸದ ಸಾಹೇಬರೊಬ್ಬರ ಅಂಗಡಿಗೆ ಕರೆದುಕೊಂಡು ಹೋದರು. ಸಾಹೇಬರು ಹಳೆಯ ಕುಂಡವನ್ನು ತಿರುಗಿಸಿ ಮುರುಗಿಸಿ ನೋಡಿ, 'ಇಸ್ಮೆ ಕ್ಯಾ ಪಕಾತೆ, ಅಮ್ಮಾ? ಏನ್ ಬೇಯಿಸ್ತೀರಿ ಇದ್ರಲ್ಲಿ?' ಎಂದರು. ಅಡುಗೆಗಲ್ಲ, ಪೂಜೆಯ ಬೆಂಕಿಗೆ ಎಂದು ಅಮ್ಮ ಹೇಳಿದಾಗ, 'ತೋ ತಳ ಗಟ್ಟಿ ಹೋನಾ. ಅಲ್ಲಾಗೋಸ್ಕರ ಮಾಡೋದು ಸೋರ್ಬಾರ್ದು' ಎಂದು ದಪ್ಪ ತಗಡನ್ನೇ ಆರಿಸಿದರು. ಆ ಕುಂಡದಲ್ಲಿ ಅಮ್ಮ ಕೊನೆಯವರೆಗೂ ಬೆಂಕಿ ಹಚ್ಚಿದಳು. ಮುಂದೆ ಇಂದಿರಾನಗರದಲ್ಲಿ ನಾವು ಮನೆ ಕಟ್ಟಿದಾಗ, ಸುತ್ತ ಇನ್ನೂ ರಾಗಿ ಹೊಲದ ಕೂಳೆಗಳಿದ್ದ ಆ ಬಡಾವಣೆಯಲ್ಲಿ, ಗೃಹಪ್ರವೇಶದ ಹೋಮಕ್ಕೆ ಅಮ್ಮನೇ ಕೂತಳು. ಅಪ್ಪ ಪಕ್ಕದಲ್ಲಿ ಕೂತು ಅವಳು ಹೇಳಿದಾಗ ಹೇಳಿದಷ್ಟು ತುಪ್ಪ ಬಿಟ್ಟ. ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಇದ್ದರು. ಈಗ ಅವರ್ಯಾರೂ ಇಲ್ಲ. ಇಂದಿರಾನಗರದ ಆ ಮನೆಯ ಜಾಗದಲ್ಲಿ ಆಫೀಸು ಎದ್ದಿದೆ. ನನ್ನ ಫ್ಲಾಟಿನ ಬಾಲ್ಕನಿಯಲ್ಲಿ ನಾನು ಬೆಳಗ್ಗೆ ಪುಟ್ಟದಾಗಿ ಬೆಂಕಿ ಹಚ್ಚುತ್ತೇನೆ; ಕಲಿತದ್ದು ಕೈಬಿಟ್ಟು ಹೋಗಿಲ್ಲ.

ಬೀಜಿ ಊರು ಬಿಟ್ಟ ದಿನದ ಮಾತು ಹೇಳಿ ಮುಗಿಸುತ್ತೇನೆ. ದಂಡು ರೈಲ್ವೆ ನಿಲ್ದಾಣಕ್ಕೆ ನಾವೆಲ್ಲ ಹೋಗಿದ್ದೆವು. ಅಜ್ಜಿ ಅದುವರೆಗೆ ರೈಲು ನಿಲ್ದಾಣವನ್ನೇ ನೋಡಿದವಳಲ್ಲ. ಬೀಜಿ ಕಿಟಕಿಯ ಸರಳಿನ ನಡುವೆ ಕೈ ಚಾಚಿ ಅವಳ ಕೈ ಹಿಡಿದುಕೊಂಡರು. ಇಷ್ಟು ವರ್ಷ ಕಷ್ಟಪಟ್ಟು ಕಲಿತಿದ್ದ ಕನ್ನಡವೆಲ್ಲ ಆ ಹೊತ್ತಿಗೆ ಅವರಿಗೆ ಮರೆತುಹೋಗಿರಬೇಕು, ತಮ್ಮ ಪಂಜಾಬಿಯಲ್ಲೇ ಏನೇನೋ ಹೇಳತೊಡಗಿದರು. ಅಜ್ಜಿಯೂ ಸುಮ್ಮನಿರಲಿಲ್ಲ, ತನ್ನ ಹಳ್ಳಿಯ ಮಾತಿನಲ್ಲಿ ತಾನೂ ಹೇಳುತ್ತಲೇ ಇದ್ದಳು. ಇಬ್ಬರೂ ಒಟ್ಟಿಗೆ ಮಾತಾಡಿದರು, ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ, ಯಾರೂ ನಿಲ್ಲಿಸಲಿಲ್ಲ. ರೈಲು ಅಲುಗಿದಾಗ ಕೈ ಬಿಡಿಸಿದ್ದು ಅಮ್ಮ. ವಾಪಸು ನಡೆದು ಬರುವಾಗ ನಾನು ಅಜ್ಜಿಯನ್ನು ಕೇಳಿದೆ:

'ಬೀಜಿ ಏನ್ ಹೇಳಿದ್ರಜ್ಜಿ?'

'ಹೋಗಿ ಬತ್ತೀನಿ ಅಂದ್ರು.'

'ನಿಂಗೆ ಹೆಂಗ್ ಗೊತ್ತಾಯ್ತು?'

'ಹೋಗೋರು ಇನ್ನೇನ್ ಹೇಳ್ತಾರೆ' ಎಂದಳು ಅಜ್ಜಿ. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡೋಣವೆಂದು ಅಪ್ಪ ಎಷ್ಟು ಸಲ ಕೇಳಿದರೂ ಅವಳು ಒಪ್ಪಲಿಲ್ಲ. ತಾನಿರುವವರೆಗೂ ಸಂಜೆಗೊಮ್ಮೆ ಸೊಂಟ ಹಿಡಿದುಕೊಂಡು ಮೇಲೆ ಹತ್ತಿ, ಬೀಜಿಯಿಲ್ಲದ ಆ ತಾರಸಿಯನ್ನು ಗುಡಿಸಿ ಬರುತ್ತಿದ್ದಳು.