ಕುರಿಯ ಮುಖ ಗುರುತಿಸುವ ಆ್ಯಪ್

ನಾನು ಗೋಕಾಕದಲ್ಲಿ ಕೂತು ಕುರಿಗಾಹಿಗಳಿಗಾಗಿ ಒಂದು ಆ್ಯಪ್ ಮಾಡಿದೆ. ಪುಕ್ಕಟೆ, ಒಳಗಿನ ಪ್ರೋಗ್ರಾಂ ಕೋಡನ್ನೂ ಬಿಚ್ಚಿಟ್ಟಿದ್ದೆ, ಯಾರು ಬೇಕಾದರೂ ತಿದ್ದಬಹುದು. ತಿದ್ದಲು ಬಂದವನು ಇಡೀ ಜಗತ್ತಿನಲ್ಲಿ ಒಬ್ಬನೇ, ಮೂಡಲಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ನನ್ನ ಗೆಳೆಯ. ಆದರೂ ನಾನು ಕಂಡಕಂಡವರ ಮುಂದೆ ‘ನಮ್ಮ ತಂಡ’ ಎನ್ನುತ್ತಿದ್ದೆ.

ಆ್ಯಪಿನ ಕೆಲಸ ಇಷ್ಟೇ: ಕುರಿಗೆ ಕರುಳುಬೇನೆಯಂಥ ರೋಗಗಳ ಲಸಿಕೆ ಹಾಕಿಸುವ ದಿನ ಗಂಟೆ ಬಾರಿಸುವುದು. ಅದನ್ನೂ ಅದು ನೆಟ್ಟಗೆ ಮಾಡುತ್ತಿರಲಿಲ್ಲ. ಅಡವಿಯಲ್ಲಿ ಕುರಿ ಮೇಯಿಸುವವರು ಚಾರ್ಜ್ ಉಳಿಸಲು ಫೋನ್ ಬಂದ್ ಮಾಡಿಟ್ಟಿರುತ್ತಾರೆ. ಊಟಕ್ಕೆ ಕೂತಾಗಲೂ ಫೋನ್ ಕೆಳಗಿಡದ ನನಗೆ ಇದು ಹೊಳೆಯುವುದಾದರೂ ಹೇಗೆ? ಒಮ್ಮೆ ಬಂದ್ ಮಾಡಿದರೆ ಹಾಕಿಟ್ಟ ಗಂಟೆಗಳೆಲ್ಲ ಅಳಿಸಿಹೋಗುತ್ತಿದ್ದವು. ಕೌಜಲಗಿಯ ಕುರಿಗಾಹಿ ಅಕ್ಕ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಗೆಳೆಯ ಎರಡೇ ದಿನದಲ್ಲಿ ಸರಿಮಾಡಿದ. “ಗಂಟಿ ಸರಿ ಆತ್ರಿ ಅಕ್ಕಾರ, ಕಾಳಜಿ ಬಿಡ್ರಿ” ಎಂದು ನಾನು ಅವಳಿಗೆ ಹೇಳಿಯೂಬಿಟ್ಟೆ. ಸರಿಯಾಗಿದ್ದು ನನ್ನ ಕಂಪ್ಯೂಟರಿನಲ್ಲಿ; ನಾನು ಹೊಸ ಆವೃತ್ತಿ ಬಿಡುವವರೆಗೆ ಅದು ಅವಳ ಫೋನಿಗೆ ಹೋಗುವಂತಿರಲಿಲ್ಲ.

“ಇಷ್ಟು ಈಗ ಬಿಟ್ಟಬಿಡಪಾ,” ಎಂದ ಗೆಳೆಯ. “ಮುಂದಿನ ವಾರ ಅಕ್ಕಾರು ಹಿಂಡು ಹೊಡಕೊಂಡು ಹೊಂಟಾರ. ಎರಡನೇ ಸೂಜಿ ದಾರಿಯಾಗ ಬರತೈತಿ.”

ನನ್ನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು. ಫೋಟೋ ಹಿಡಿದರೆ ಸಾಕು, ಯಾವ ಕುರಿ ಎಂದು ಆ್ಯಪೇ ಹೇಳಬೇಕು! ಬರೀ ಗಂಟೆ ರಿಪೇರಿ ಮಾಡಿ ಹೊಸ ಆವೃತ್ತಿ ಬಿಟ್ಟರೆ ಯಾರು ಶಹಬ್ಬಾಸ್ ಎನ್ನುತ್ತಾರೆ?

“ಎಂಟ ದಿನ ತಡಿ, ಎರಡೂ ಕೂಡೇ ಬಿಡೂಣು,” ಎಂದೆ.

“ಕುರಿ ತಡೀತಾವೇನ್ಲೇ?” ಎಂದು ಅವನು ಫೋನ್ ಇಟ್ಟ. ಆದರೆ ಬಿಡುವ ಅಧಿಕಾರ ನನ್ನ ಕೈಯಲ್ಲಿತ್ತು, ನಾನು ಬಿಡಲಿಲ್ಲ.

ಎಂಟು ದಿನ ಹೋಗಿ ಒಂದೂವರೆ ತಿಂಗಳಾಯಿತು. ಮೊದಲ ಪರೀಕ್ಷೆಯಲ್ಲಿ ಆ್ಯಪ್ ನನ್ನ ಮುಖ ನೋಡಿ ಟಗರು ಎಂದಿತು. “ಇದೊಂದು ಬರೋಬ್ಬರಿ ಹೇಳೇತಿ ನೋಡು,” ಎಂದ ಗೆಳೆಯ.

ಕೊನೆಗೆ ಆವೃತ್ತಿ ಬಿಟ್ಟು, ಎದೆಯುಬ್ಬಿಸಿ ಬೈಕ್ ಹತ್ತಿದೆ. ಅಕ್ಕನ ಹಿಂಡು ಆಗ ಹುಕ್ಕೇರಿ ಕಡೆ, ಘೋಡಗೇರಿಯ ಹೊಲವೊಂದರಲ್ಲಿ ತಂಗಿತ್ತು. ನನ್ನ ಫೋನ್ ಅವಳ ಮುಂದೆ ಹಿಡಿದು ಎಲ್ಲ ವಿವರಿಸಿದೆ.

ಅವಳಿಗೆ ನಗು ತಡೆಯಲಾಗಲಿಲ್ಲ. “ನನ್ನ ಕುರಿ ಮಾರಿ ನನಗ ಗುರುತು ಸಿಗಂಗಿಲ್ಲೇನೋ ತಮ್ಮಾ?”

ನನ್ನ ಮುಖ ಸಣ್ಣದಾಯಿತು. ಅವಳೇ ಹಿಂದೊಮ್ಮೆ ಕಳಿಸಿದ್ದ ಫೋಟೋಗಳನ್ನು ಹಟಕ್ಕೆ ಬಿದ್ದವನಂತೆ ಒಂದೊಂದಾಗಿ ತೋರಿಸಿದೆ. ಆ್ಯಪ್ ಎಲ್ಲವನ್ನೂ ತಪ್ಪದೆ ಗುರುತಿಸಿತು. ಅಕ್ಕನ ನಗು ನಿಂತಿತು.

“ಇದು ಕರಳಬ್ಯಾನಿಗೆ ಹೋತು,” ಎಂದಳು. “ಇದರ ಮರಿನೂ ಹೋತು. ಇದೂ ಹೋತು. ಗಂಟಿ ಬಾರಸ್ತೈತಿ ಅಂತ ನಂಬಿ ಕುಂತಿದ್ನಿ, ಎರಡನೇ ಸೂಜಿ ತಪ್ಪೇಬಿಡ್ತು.”

ನಾನು ಸುಳ್ಳು ಹೇಳಲಿಲ್ಲ. ಗಂಟೆ ಅವಳು ಹೊರಡುವ ಮೊದಲೇ ತಯಾರಾಗಿತ್ತು ಎಂದು ಒಪ್ಪಿಕೊಂಡೆ.

ಅಕ್ಕ ಈ ಸಲ ಬೈಯಲಿಲ್ಲ. “ಮತ್ತ ಯಾಕ ಕೊಡಲಿಲ್ಲೋ ತಮ್ಮಾ?” ಎಂದಳು ಅಷ್ಟೆ.

“ಇದನ್ನ ಮಾಡಾಕತ್ತಿದ್ನಿರಿ,” ಎಂದೆ. ಸತ್ತ ಕುರಿಯ ಮುಖ ಇನ್ನೂ ಫೋನಿನ ಮೇಲಿತ್ತು.