ಚಪ್ಪಲಿ ಕತ್ತರಿಸಿ ಮಾಡಿದ ಬೆನ್ನು

ಶಾಲೆಗೆಂದು ಆ ಬೆನ್ನುಮೂಳೆಯ ಮಾದರಿ ಮಾಡಲು ನನಗೆ ಬಿದ್ದ ಖರ್ಚು ಒಂದು ಜೊತೆ ಹವಾಯಿ ಚಪ್ಪಲಿ, ಅಮ್ಮನ ಕೈಯಿಂದ ಎರಡು ಗುದ್ದು ಮತ್ತು ಚೆನ್ನಾಗಿ ನಡೆಯುತ್ತಿದ್ದ ಒಂದು ವ್ಯಾಪಾರ. ಚಪ್ಪಲಿ ಯಾಕೆಂದರೆ, ಮೂಳೆ ಮೂಳೆಯ ನಡುವೆ ಇಡಲು ಒತ್ತಿದರೆ ಅಮುಕಿ, ಬಿಟ್ಟರೆ ಮೊದಲಿನಂತಾಗುವ ವಸ್ತು ಬೇಕಿತ್ತು. ರಟ್ಟು ಒಮ್ಮೆ ಅಮುಕಿದರೆ ಮೇಲೇಳಲಿಲ್ಲ. ಸ್ಪಂಜು ಭಾರ ತಡೆಯಲಿಲ್ಲ. ನಿಜಕ್ಕೂ ಬೇಕಾದದ್ದು ಒಂದೇ ಕಾಲಿನ ಚಪ್ಪಲಿ. ಆದರೆ ಉಳಿದ ಕಾಲಿನದನ್ನು ಯಾರು ಕೊಳ್ಳುತ್ತಾರೆ? ಹಾಗಾಗಿ ಜೊತೆಯನ್ನೇ ಲೆಕ್ಕ ಹಿಡಿಯಬೇಕು.

ವ್ಯಾಪಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ನಾವು ಸಾದಲಿಯಲ್ಲಿದ್ದೆವು, ನಾನು ಏಳನೇ ಕ್ಲಾಸು. ಆಗೆಲ್ಲ ಸೊಂಟ ಹಿಡಿದುಕೊಂಡರೆ ಮುಲಾಮು, ಮಾತ್ರೆ ಆಮೇಲೆ. ಮೊದಲು ಹುಡುಕುತ್ತಿದ್ದದ್ದು ಕಾಲು ಮುಂದಾಗಿ ಹುಟ್ಟಿದವರನ್ನು. ಹೆರಿಗೆಯಲ್ಲಿ ತಲೆಯ ಬದಲು ಕಾಲು ಮೊದಲು ಹೊರಬಂದವರು ನೋವಿರುವ ಕಡೆ ಮೂರು ಸಲ ಒದ್ದರೆ ಹಿಡಿತ ಬಿಡುತ್ತದೆ ಎಂಬ ನಂಬಿಕೆ. ನಾನು ಹಾಗೆ ಹುಟ್ಟಿದವಳು, ಊರಿಗೆಲ್ಲ ಒಬ್ಬಳೇ. ಸೊಪ್ಪಿನ ಹೊರೆ ಎತ್ತಿ, ರೇಷ್ಮೆಹುಳದ ಮನೆಯಲ್ಲಿ ದಿನವಿಡೀ ಬಗ್ಗಿ ಸೊಂಟ ಹಿಡಿಸಿಕೊಂಡವರು ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಒದೆಗೆ ಪ್ರತಿಯಾಗಿ ಸೀಬೆಕಾಯಿ, ಹುರಿದ ಕಡಲೆಕಾಯಿ, ಚಕ್ಕುಲಿ. ಹುಳುಕು ಸೀಬೆಕಾಯಿ ತಂದವರಿಗೆ ಎರಡೇ ಒದೆ ಕೊಟ್ಟು, ಮೂರನೆಯದನ್ನು ಒಳ್ಳೆಯ ಕಾಯಿ ಬರುವ ತನಕ ತಡೆದಿಟ್ಟುಕೊಳ್ಳುತ್ತಿದ್ದೆ.

ಬೀದಿಯಲ್ಲಿ ಕುಂಟೆಬಿಲ್ಲೆ ಆಡಲು ಹೋದರೆ ಅಮ್ಮ ಕೂಗುತ್ತಿದ್ದಳು. "ಲೇ ಸರೋಜ, ಕಾಲು ಉಳುಕಿಸ್ಕೊಂಡೀಯ ಕಣೇ! ಊರಿನ ಸೊಂಟಗಳ ಗತಿ ಏನು?"

ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ಬಷೀರ್ ಮಾಮ ನನ್ನ ಖಾಯಂ ಗಿರಾಕಿ. ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಅವರ ಬೆನ್ನು ಕುಡುಗೋಲಿನಂತಾಗಿತ್ತು. ಆ ವರ್ಷ ಸೈನ್ಸ್ ಮಿಸ್ಸು ಒಬ್ಬೊಬ್ಬರಿಗೆ ಒಂದೊಂದು ಮಾದರಿ ಮಾಡಿಕೊಂಡು ಬರಲು ಹೇಳಿದಾಗ ನನ್ನ ಪಾಲಿಗೆ ಬೆನ್ನುಮೂಳೆ ಬಂತು. ಮೂಳೆಗೆ ದಾರದ ಖಾಲಿ ರೀಲೇ ಸರಿ ಅನಿಸಿತು. ಮಾಮನ ಜೊತೆ ಮಾತಾಯಿತು: ಚಕ್ಕುಲಿ ಬೇಡ, ಇನ್ನು ಮೇಲೆ ಒದೆಗೆ ರೀಲು.

"ಅಲ್ಲಮ್ಮಾ, ನನ್ನ ಬೆನ್ನಿಗೇ ಒದ್ದು, ನನ್ನ ರೀಲಲ್ಲೇ ಇನ್ನೊಂದು ಬೆನ್ನು ಮಾಡ್ತೀಯ?" ಎಂದು ನಕ್ಕು ಒಪ್ಪಿಕೊಂಡರು.

ಮಿಸ್ಸು ನನ್ನನ್ನು ಮುಂದೆ ನಿಲ್ಲಿಸಿ ಬೆರಳಿನಿಂದ ಬೆನ್ನು ಸವರುತ್ತಾ ಪಾಠ ಮಾಡಿದರು. ಕುತ್ತಿಗೆಯಲ್ಲಿ ಏಳು ಮೂಳೆ, ತಿರುಗುವುದೆಲ್ಲ ಹೆಚ್ಚಾಗಿ ಅವುಗಳದ್ದೇ ಕೆಲಸ. ಎದೆಯ ಹಿಂದೆ ಹನ್ನೆರಡು, ಪಕ್ಕೆಲುಬು ಕಟ್ಟಿರುವುದರಿಂದ ಹೆಚ್ಚು ಬಗ್ಗುವುದಿಲ್ಲ. ಸೊಂಟದಲ್ಲಿ ಐದು, ಎಲ್ಲಕ್ಕಿಂತ ದಪ್ಪ. ಭಾರ ಹೊರುತ್ತವೆ, ಮುಂದಕ್ಕೂ ಹಿಂದಕ್ಕೂ ಬಗ್ಗುತ್ತವೆ, ತಿರುಚಿದರೆ ಮಾತ್ರ ಸಹಿಸುವುದಿಲ್ಲ. ಅದರ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡು ಬಿಟ್ಟಿವೆ. ಪಕ್ಕದಿಂದ ನೋಡಿದರೆ ಬೆನ್ನು ಕೋಲಿನಂತೆ ನೆಟ್ಟಗಿಲ್ಲ, ಹಾವಿನಂತೆ ಡೊಂಕು. ನೆಟ್ಟಗಿದ್ದಿದ್ದರೆ ಒಂದೊಂದು ಹೆಜ್ಜೆಯ ಏಟೂ ನೇರ ತಲೆಗೆ ಹೋಗುತ್ತಿತ್ತು. ನನಗೆ ಇದೆಲ್ಲ ಇಷ್ಟವಾಯಿತು. ಯಾರಿಗೆ ಯಾವ ಕೆಲಸ ಎಂಬುದು ಇಷ್ಟು ಚೊಕ್ಕವಾಗಿ ಹಂಚಿಹೋಗಿರುವುದನ್ನು ಈಗ ನಾನು ನಡೆಸುವ ಅಂಗಡಿಯಲ್ಲೂ ಕಂಡಿಲ್ಲ.

ರೀಲುಗಳ ನಡುವೆ ಚಪ್ಪಲಿಯ ಬಿಲ್ಲೆ ಇಟ್ಟು, ತೂತಿನೊಳಗೆ ನೈಲಾನ್ ಹುರಿ ಬಿಗಿದೆ. ಕೆಳಗಿನ ಬೆಸೆದ ಮೂಳೆಗೆ ಜೇಡಿಮಣ್ಣಿನ ಮುದ್ದೆ. ರೀಲುಗಳ ಹಿಂಭಾಗಕ್ಕೆ ತಂತಿಯ ಬಳೆಗಳನ್ನು ಸಿಕ್ಕಿಸಿ, ಅವುಗಳೊಳಗೆ ನರಕ್ಕೆಂದು ಕೆಂಪು ಉಲ್ಲನ್ ದಾರ ಇಳಿಬಿಟ್ಟೆ. ಮುಂದಕ್ಕೆ ಬಗ್ಗಿಸಿ ನೋಡಿದಾಗ ಬಿಲ್ಲೆಗಳು ಮುಂದೆ ಅಮುಕಿ ಹಿಂದೆ ಉಬ್ಬಿ, ಕೆಂಪು ದಾರಕ್ಕೆ ತಾಗಿದವು. ಚೆನ್ನಾಗಿದೆ ಅಂದುಕೊಂಡೆನೇ ಹೊರತು ಅದರ ಅರ್ಥ ಹೊಳೆಯಲಿಲ್ಲ.

ಅದು ರಂಜಾನ್ ತಿಂಗಳು. ಹಬ್ಬಕ್ಕೆ ಹೊಲಿಯಬೇಕಾದ ಬಟ್ಟೆ ಮಾಮನ ಅಂಗಡಿಯಲ್ಲಿ ಸೂರಿನವರೆಗೆ ಪೇರಿಸಿಟ್ಟಿತ್ತು. ಕೊನೆಯ ಎರಡು ರೀಲು ಕೇಳಲು ಮಾದರಿ ಹಿಡಿದುಕೊಂಡು ಹೋದರೆ, ಮಾಮ ಬೆಂಚಿನ ಮೇಲೆ ಬೋರಲು ಮಲಗಿದ್ದರು. ನೆಲದಲ್ಲಿದ್ದ ಬಟ್ಟೆಯ ಗಂಟನ್ನು ಬಗ್ಗಿ ಎತ್ತಿ, ಹಾಗೇ ಸೊಂಟ ತಿರುಗಿಸಿ ಮೇಜಿನ ಮೇಲೆ ಹಾಕಲು ಹೋಗಿದ್ದರಂತೆ. ಹಿಂದಿನ ಮನೆಯಿಂದ ಅವರ ಹೆಂಡತಿ ಶಮೀಮಕ್ಕ ಸಮೋಸ ಕರಿಯುವ ವಾಸನೆ ಬರುತ್ತಿತ್ತು.

"ಬಂದ್ಯಾ? ನಿಂಗೇ ಹೇಳಿ ಕಳಿಸ್ಬೇಕು ಅಂತಿದ್ದೆ. ಈ ಸಲ ಒದೆ ಸಾಲಲ್ಲ. ಪೂರ್ತಿ ಮೇಲೆ ಹತ್ತಿ ತುಳಿ. ಎಷ್ಟು ರೀಲು ಬೇಕಾದ್ರೂ ತಗೋ."

ಬೆಲೆ ಹೇಳುವ ಮುಂಚೆ ನೋವು ವಿಚಾರಿಸುವುದು ನನ್ನ ಪದ್ಧತಿ. "ಎಲ್ಲಿ ನೋವು ಮಾಮ?"

"ಸೊಂಟದಿಂದ ಹಿಮ್ಮಡಿ ತನಕ ಸೆಳೀತದೆ. ಬಲಗಾಲು ನಂದೇ ಅಲ್ಲ ಅನ್ಸತ್ತೆ. ಪೆಡಲ್ ಮೇಲೆ ಇಟ್ರೆ ಇಟ್ಟಿದ್ದೇ ಗೊತ್ತಾಗಲ್ಲ. ಹಬ್ಬದ ಬಟ್ಟೆ ಕಣಮ್ಮಾ, ಬೇಗ ಹತ್ತು."

ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಒಂದು ಕಾಲು ಇಟ್ಟಿದ್ದೆ. ಕೈಯಲ್ಲಿದ್ದ ಮಾದರಿ ಬಾಗಿತ್ತು. ಸೊಂಟದ ಕಡೆಯ ಒಂದು ಬಿಲ್ಲೆ ಜಾರಿ ಹೊರಗೆ ಬಂದು ಕೆಂಪು ದಾರವನ್ನು ತಂತಿಗೆ ಒತ್ತಿ ಹಿಡಿದಿತ್ತು. ನಾನು ಕಾಲು ಕೆಳಗಿಟ್ಟೆ.

"ಮೊದ್ಲು ಡಾಕ್ಟರು ಮಾಮ. ಆಮೇಲೆ ಕಾಲು."

"ಮೊದ್ಲು ಕಾಲು, ಆಮೇಲೆ ಡಾಕ್ಟರು."

"ಹಂಗಂದ್ರೆ ನೀವು ಹೋಗಲ್ಲ."

"ರೀಲು ಜೊತೆಗೆ ಒಂದು ಲಂಗದ ಬಟ್ಟೆ ಕೊಡ್ತೀನಿ."

"ಬೇಡ."

"ಅರೆ! ನಾನು ಬೇರೆ ಯಾರನ್ನಾದ್ರೂ ಕರೀತೀನಿ, ಹೋಗು."

"ಕರೀರಿ. ಊರಲ್ಲಿ ಕಾಲು ಮುಂದಾಗಿ ಹುಟ್ಟಿರೋಳು ನಾನೊಬ್ಳೇ."

ಪರದೆ ಸರಿಸಿ ಶಮೀಮಕ್ಕ ಬಂದರು, ಕೈಯಲ್ಲಿ ಜಾಲರಿ ಸೌಟು. "ಅವ್ಳು ಹೇಳೋದು ಸರಿ ರೀ. ನಾಳೆ ಚಿಕ್ಕಬಳ್ಳಾಪುರಕ್ಕೆ ಹೋಗಣ."

"ಬಟ್ಟೆ ಯಾರು ಹೊಲೀತಾರೆ, ನಿಮ್ಮಪ್ಪನಾ?"

"ನಾನೇ ಹೊಲೀತೀನಿ. ಗುಂಡಿ ಹಾಕೋಳು ನಾನು, ಕಾಜ ಮಾಡೋಳು ನಾನು. ಪೆಡಲ್ ತುಳಿಯೋಕೆ ನಿಮ್ಮ ಕಾಲೇ ಆಗ್ಬೇಕಾ?"

ಮಾಮ ಬೆಂಚಿಗೆ ಮುಖ ಒತ್ತಿಕೊಂಡರು. ಆಮೇಲೆ ನನ್ನ ಕಡೆ ಕತ್ತು ಹೊರಳಿಸಿ, "ಬಂದ ಮೇಲೆ ಒದೀಬೇಕು. ಮಾತು ಮಾತೇ" ಅಂದರು. ಮಾತಾಯಿತು. ಶಮೀಮಕ್ಕ ಬಿಸಿ ಸಮೋಸ ಕಟ್ಟಿಕೊಟ್ಟರು. ಏನೂ ಮಾಡದೆ ನಾನು ಪಡೆದ ಮೊದಲ ಸಂಭಾವನೆ ಅದು.

ಮರುದಿನ ಲಗೇಜ್ ಆಟೋದಲ್ಲಿ ಚಾಪೆ ಹಾಸಿ ಮಲಗಿಸಿಕೊಂಡು ಹೋದರು. ಮೂಳೆಗಳ ನಡುವಿನ ಬಿಲ್ಲೆ ಜಾರಿ ಕಾಲಿನ ನರ ಒತ್ತಿದೆ, ಯಾರಾದರೂ ಮೇಲೆ ಹತ್ತಿ ತುಳಿದಿದ್ದರೆ ಕಾಲಿನ ಆಸೆ ಬಿಡಬೇಕಾಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಹಬ್ಬದ ಬಟ್ಟೆಯನ್ನು ಶಮೀಮಕ್ಕ ಹೊಲಿದರು. ಮಾಮ ಪಕ್ಕದಲ್ಲಿ ಮಲಗಿ "ತೋಳು ಬಿಗಿ, ಕಾಲರ್ ಸೊಟ್ಟ" ಎನ್ನುತ್ತಿದ್ದರು. ಕೆಲವು ಅಂಗಿ ಹಬ್ಬ ಕಳೆದ ಮೇಲೆ ಗಿರಾಕಿಗಳ ಕೈ ಸೇರಿದವು.

ಎದ್ದು ಓಡಾಡುವಂತಾದ ಮೇಲೆ ಮಾಮ ನಮ್ಮ ಮನೆಗೇ ಬಂದು ಬೆನ್ನು ತೋರಿಸಿ ನಿಂತರು. ಕಾಲಿನ ಹೆಬ್ಬೆರಳಿನ ತುದಿಯಿಂದ ಮೂರು ಸಲ ಮುಟ್ಟಿದೆ. "ಈಗ ಹೋಯ್ತು ನೋಡು" ಅಂದರು. ಅವರ ಅಂಗಾಲಿನ ಒಂದು ಮೂಲೆಗೆ ಕೊನೆಯವರೆಗೂ ಸ್ಪರ್ಶ ಮರಳಲಿಲ್ಲ. ಪೆಡಲಿಗೆ ಅಷ್ಟು ಸಾಕಾಯಿತು.

ನನ್ನ ವ್ಯಾಪಾರ ಬಿದ್ದದ್ದು ಆಮೇಲೆ. ಬಂದವರನ್ನೆಲ್ಲ "ಕಾಲು ಜೋಮು ಹಿಡಿದಿದೆಯಾ?" ಎಂದು ಕೇಳಲು ಶುರು ಮಾಡಿದೆ. ಹೌದೆಂದವರಿಗೆ ಡಾಕ್ಟರ ಹತ್ತಿರ ಹೋಗಿ ಅಂದೆ. ಷರತ್ತು ಹಾಕುವ ಅಂಗಡಿಗೆ ಜನ ಬರುವುದಿಲ್ಲ. ಹಿಪ್ಪುನೇರಳೆ ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಂಡು ಕುಂಟೆಬಿಲ್ಲೆ ಆಡುವಾಗ ಯಾರೂ ಕಾಲು ಜೋಪಾನ ಎನ್ನಲಿಲ್ಲ.

ಈಗ ನನ್ನದು ಚಿಂತಾಮಣಿಯಲ್ಲಿ ಹಾಸಿಗೆ, ದಿಂಬಿನ ಅಂಗಡಿ. ಹೋದ ವರ್ಷ ಸಾದಲಿಗೆ ಹೋಗಿದ್ದೆ. ಮಾಮ ಇಲ್ಲ. ಅಂಗಡಿಯಲ್ಲಿ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಶಾಲೆ ಮುಗಿದ ಮೇಲೆ ನಾನು ಮಾಮನಿಗೆ ಕೊಟ್ಟಿದ್ದ ಬೆನ್ನುಮೂಳೆ ಅಲ್ಲೇ ಗೋಡೆಯ ಮೊಳೆಗೆ ಇನ್ನೂ ನೇತಾಡುತ್ತಿತ್ತು. ತೆಗೆದು ಬಗ್ಗಿಸಲು ನೋಡಿದೆ. ಚಪ್ಪಲಿಯ ರಬ್ಬರು ಒಣಗಿ ಕಲ್ಲಾಗಿದೆ, ಬಗ್ಗಲಿಲ್ಲ. ಶಮೀಮಕ್ಕ ಅದನ್ನು ನನ್ನ ಕೈಯಿಂದ ತಗೊಂಡು ಮತ್ತೆ ಮೊಳೆಗೇ ಹಾಕಿದರು. ಕಾಲು ಮುಂದಾಗಿ ಹುಟ್ಟುವವರೂ ಈಗ ಸಿಗುವುದು ಕಷ್ಟ. ಮಗು ಅಡ್ಡಾದಿಡ್ಡಿ ಇದೆ ಎಂದು ಗೊತ್ತಾದ ತಕ್ಷಣ ಆಪರೇಷನ್ ಮಾಡಿ ತೆಗೆಯುತ್ತಾರೆ. ಒಳ್ಳೆಯದೇ. ಅಮ್ಮ ನನ್ನನ್ನು ಹೆರುವಾಗ ಪಟ್ಟ ಪಾಡನ್ನು ಯಾವ ಒದೆಯೂ ತೀರಿಸಲಿಲ್ಲ.

ನಿಮಗೆ ಹೇಳುವುದಿಷ್ಟು. ಭಾರ ಎತ್ತುವಾಗ ಮಂಡಿ ಮಡಚಿ ಕೂತು, ವಸ್ತುವನ್ನು ಎದೆಗೆ ಅಪ್ಪಿಕೊಂಡು ಏಳಿ. ಪಕ್ಕಕ್ಕೆ ಇಡಬೇಕಾದರೆ ಸೊಂಟ ತಿರುಗಿಸಬೇಡಿ, ಪಾದ ತಿರುಗಿಸಿ. ಹಾಸಿಗೆಯನ್ನು ಕೈಯಲ್ಲಿ ಒತ್ತಿ ನೋಡಿ ಕೊಳ್ಳಬೇಡಿ. ಚಪ್ಪಲಿ ಬಿಟ್ಟು ಅಂಗಡಿಯಲ್ಲೇ ಮಲಗಿ, ಮಗ್ಗುಲು ಬದಲಾಯಿಸಿ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಹಬ್ಬ ಇದ್ದರೂ ಹೋಗಿ. ಅದೆಲ್ಲ ಮುಗಿಸಿಕೊಂಡು ಬಂದಮೇಲೂ ಮನಸ್ಸಿಗೆ ಸಮಾಧಾನವಾಗದಿದ್ದರೆ ನನ್ನ ಅಂಗಡಿಗೆ ಬನ್ನಿ. ಹೆಬ್ಬೆರಳು ಮುಟ್ಟಿಸಿ ಕಳಿಸುತ್ತೇನೆ, ಸೀಬೆಕಾಯಿ ಮಾತ್ರ ಹುಳುಕಿಲ್ಲದ್ದು ತನ್ನಿ.